ಹನ್ನೆರಡು ಗೇಣು

ಹೊಳೆ ಎಡಕ್ಕೆ ಹೊರಳುವ ಕಡೆ ಒಂದು ಆಶ್ರಮವಿತ್ತು. ಆಶ್ರಮವೆಂದರೆ ದೊಡ್ಡದೇನಲ್ಲ. ಎರಡು ಹುಲ್ಲಿನ ಚಾವಣಿ, ಒಂದು ಹೊಂಗೆ ಮರ, ಅಂಗಳದಲ್ಲಿ ಹಳೆಯ ದೋಣಿಯೊಂದರ ಉದ್ದನೆಯ ಹಲಗೆ.

ಅಲ್ಲಿ ಕಪನಯ್ಯನವರೆಂಬ ಗುರುಗಳಿದ್ದರು. ಅವರಿಗೆ ಮೂವರು ಶಿಷ್ಯರು. ಮೂವರೂ ಸುತ್ತಲಿನ ಮಕ್ಕಳಿಗೆ ಪಾಠ ಹೇಳುವವರೇ.

ಹಿರಿಯವನು ಚನ್ನಂಜಯ್ಯ. ಎರಡು ಮಾತಿನ ನಡುವೆ ಒಂದು ಎಲೆ ಅಡಿಕೆ ಜಗಿಯುವಷ್ಟು ಹೊತ್ತು ತೆಗೆದುಕೊಳ್ಳುವ ನಿಧಾನಸ್ಥ. ಎರಡನೆಯವಳು ದೊಡ್ಡತಾಯಮ್ಮ. ಅವಳ ನಾಲಿಗೆಗೆ ಹೆದರಿ ಹೊಳೆಯ ಬಾತುಗಳೂ ಅಂಗಳಕ್ಕೆ ಬರುತ್ತಿರಲಿಲ್ಲ.

ಕಿರಿಯವನು ಕೆಂಪರಾಜ. ಅವನನ್ನು ಮಾತಿನಮಲ್ಲ ಎಂದು ಕರೆದರೆ ಅವನಿಗೇ ಖುಷಿ. ಅವನು ಪಾಠ ಶುರು ಮಾಡಿದರೆ ಹೊಳೆ ದಾಟಲು ಬಂದವರು ದೋಣಿ ಬಿಟ್ಟು ಕೇಳುತ್ತ ನಿಲ್ಲುತ್ತಿದ್ದರು. ಮಕ್ಕಳಿಗೆ ಅರ್ಥವಾಗುತ್ತಿತ್ತೇ ಎಂದು ಮಾತ್ರ ಯಾರೂ ಕೇಳಿರಲಿಲ್ಲ. ಅಷ್ಟು ಚೆನ್ನಾಗಿ ಮಾತಾಡುವವನನ್ನು ಹಾಗೆಲ್ಲ ಕೇಳುವುದುಂಟೇ?

ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ತಿಂಗಳಿಗೊಂದು ಪಾಠವನ್ನು ಗುರುಗಳೂ ಶಿಷ್ಯರೂ ಸೇರಿ ಕಟ್ಟುತ್ತಿದ್ದರು. ಮೊದಲು ಏನು ಕೇಳಬೇಕು, ಏನು ತೋರಿಸಬೇಕು, ಮಕ್ಕಳು ಎಲ್ಲಿ ಎಡವಬಹುದು ಎಂದು ಮೂರು ದಿನ ಕೂತು ಮಾತಾಡುತ್ತಿದ್ದರು. ಆದರೆ ಆ ಪಾಠವನ್ನು ಯಾರು ಮಾಡುತ್ತಾರೆಂದು ಅವರಲ್ಲಿ ಯಾರಿಗೂ ಗೊತ್ತಿರುತ್ತಿರಲಿಲ್ಲ.

ಮಕ್ಕಳು ಬಂದು ಕೂತ ಮೇಲೆ ಗುರುಗಳು ಒಂದು ಕುಡಿಕೆ ಹಿಡಿದು ಬರುತ್ತಿದ್ದರು. ಒಳಗೆ ಮೂರು ಹುಣಸೆ ಬೀಜ. ಎರಡು ಕಪ್ಪು, ಒಂದು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ್ದು. ಬಿಳಿ ಬೀಜ ಯಾರ ಕೈಗೆ ಬಂತೋ ಅವರು ಪಾಠ ಮಾಡಬೇಕು. ಉಳಿದಿಬ್ಬರು ಮತ್ತು ಗುರುಗಳು ಮಕ್ಕಳಿಗೆ ಎದುರಾಗಿ ಚಾಪೆ ಹಾಕಿಕೊಂಡು ನೋಡಬೇಕು. ಆಮೇಲೆ ಕಂಡದ್ದನ್ನು ಹೇಳಿ, ಪಾಠ ತಿದ್ದಿ, ಇನ್ನೊಂದು ಗುಂಪಿನ ಮಕ್ಕಳಿಗೆ ಮತ್ತೆ ಮಾಡಬೇಕು.

ಬಂದ ಹೊಸತರಲ್ಲಿ ಕೆಂಪರಾಜ ಕೇಳಿದ್ದ.

"ಯಾರು ಪಾಠ ಮಾಡ್ತಾರೆ ಅಂತ ಮೊದಲೇ ಗೊತ್ತಿದ್ರೆ ಏನು ತೊಂದರೆ ಗುರುಗಳೇ?"

"ಉಳಿದಿಬ್ಬರು ನಿದ್ದೆ ಮಾಡ್ತಾರೆ," ಎಂದಿದ್ದರು ಗುರುಗಳು.

ಒಂದು ದಿನ ಹೊಳೆಯಾಚೆಯ ಊರಿನವರು ದೋಣಿಯಲ್ಲಿ ಬಂದರು. ಮುಂದೆ ನಿಂತವನು ಅವರ ಯಜಮಾನ ಸಿಂಗ್ರಯ್ಯ.

"ಪಾಠಶಾಲೆಗೆ ಅಂತ ಒಂದು ಚಪ್ಪರ ಕಟ್ಟಿದ್ದೀವಿ ಸ್ವಾಮಿ. ಮಕ್ಕಳೂ ಅವೆ, ಮೂವತ್ತರ ಮೇಲೆ. ಮೇಷ್ಟ್ರು ಒಬ್ಬರು ಬೇಕು. ನಿಮ್ಮಲ್ಲಿ ಮೂರು ಜನ ಅವ್ರಲ್ಲ, ಒಬ್ಬರನ್ನ ಕೊಡಿ."

ಕೆಂಪರಾಜ ಹೊಳೆಯಾಚೆ ನೋಡಿದ. ನಾಲ್ಕು ವರ್ಷದಿಂದ ಅವನು ಕಾದಿದ್ದು ಇದಕ್ಕೇ. ತನ್ನದೇ ಚಪ್ಪರ, ತನ್ನದೇ ಮಕ್ಕಳು, ತನ್ನದೇ ಪಾಠ. ಕುಡಿಕೆಯೂ ಇಲ್ಲ, ಬೀಜವೂ ಇಲ್ಲ.

"ಈ ತಿಂಗಳ ಪಾಠ ಮುಗೀಲಿ, ಕಳಿಸ್ತೀನಿ," ಎಂದರು ಗುರುಗಳು.

ಅಂದರೆ ಈ ಪಾಠದಲ್ಲೇ ನಿರ್ಧಾರ ಎಂದು ಕೆಂಪರಾಜ ಅಂದುಕೊಂಡ. ಬೇರೆ ಇಬ್ಬರಿಗೂ ಹಾಗನ್ನಿಸಿತೋ ಇಲ್ಲವೋ ಅವನು ಕೇಳಲಿಲ್ಲ.

ಆ ತಿಂಗಳ ಪಾಠ ಅಳತೆಯದು. ಪುಟ್ಟ ಮಕ್ಕಳಿಗೆ, ಎಲ್ಲರಿಗೂ ಒಪ್ಪುವ ಒಂದು ಅಳತೆಗೋಲು ಏಕೆ ಬೇಕು ಎಂದು ತಿಳಿಸಬೇಕಿತ್ತು. ನಾಲ್ವರೂ ಹೊಂಗೆ ಮರದಡಿ ಕೂತರು.

"ಅಂಗಳದ ಹಲಗೆ ಇದೆಯಲ್ಲ, ಮಕ್ಕಳು ತಮ್ಮ ತಮ್ಮ ಗೇಣಿನಿಂದ ಅಳೀಲಿ," ಎಂದ ಚನ್ನಂಜಯ್ಯ. "ಒಬ್ಬೊಬ್ಬರಿಗೆ ಒಂದೊಂದು ಎಣಿಕೆ ಬರುತ್ತೆ. ಯಾಕೆ ಹಂಗಾಯ್ತು ಅಂತ ಕೇಳೋಣ. ಆಮೇಲೆ ಕೋಲು ತೋರಿಸೋಣ."

"ಹೆಚ್ಚು ಎಣಿಕೆ ಬಂದವನು ಗೆದ್ದೆ ಅಂತ ಕುಣೀತಾನೆ," ಎಂದಳು ದೊಡ್ಡತಾಯಮ್ಮ. "ತನ್ನ ಕೈಯೇ ದೊಡ್ಡದು ಅಂದ್ಕೋತಾನೆ. ಎಡವೋದು ಅಲ್ಲೇ, ಬರೆದಿಟ್ಕೊಳ್ಳಿ."

"ಅದನ್ನ ಹೇಗೆ ಬಿಡಿಸೋದು?" ಗುರುಗಳು ಕೇಳಿದರು.

ಯಾರಿಗೂ ಹೊಳೆಯಲಿಲ್ಲ. ಎರಡು ದಿನ ಕೂತರೂ ಹೊಳೆಯಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಕೆಂಪರಾಜ ಹೊಳೆಯಲ್ಲಿ ಕೊರಳಮಟ್ಟ ನೀರಿನಲ್ಲಿ ನಿಂತಿದ್ದ. ಆಗ ಹೊಳೆಯಿತು. ಅಳೆಯುವುದಕ್ಕೆ ಮುಂಚೆಯೇ ಕೇಳಬೇಕು! ನನ್ನ ದೊಡ್ಡ ಕೈಯಿಂದ ಅಳೆದರೆ ಎಣಿಕೆ ಹೆಚ್ಚೋ, ನಿಮ್ಮ ಚಿಕ್ಕ ಕೈಯಿಂದ ಅಳೆದರೆ ಹೆಚ್ಚೋ? ಮಕ್ಕಳು ಊಹಿಸಲಿ. ಆಮೇಲೆ ಅಳೆಯಲಿ. ಊಹೆ ತಪ್ಪಿದಾಗ ತಾವೇ ಬೆರಗಾಗುತ್ತಾರೆ.

ಸಂತೋಷಕ್ಕೆ ಒಂದು ಮುಳುಗು ಹಾಕಿ ಎದ್ದ. ಒದ್ದೆ ತಲೆಯಲ್ಲೇ ಮರದ ಕಡೆ ಓಡಿದ.

ಓಡುತ್ತ ಓಡುತ್ತ ನಿಧಾನವಾದ.

ಈ ಪ್ರಶ್ನೆ ಈಗ ಹೇಳಿದರೆ ಅದು ಎಲ್ಲರದಾಯಿತು. ನಾಳೆ ಬಿಳಿ ಬೀಜ ಚನ್ನಂಜಯ್ಯನ ಕೈಗೆ ಬಂದರೆ ಅವನೇ ಕೇಳುತ್ತಾನೆ, ಮಕ್ಕಳು ಅವನ ಮುಂದೆಯೇ ಬೆರಗಾಗುತ್ತಾರೆ, ಅವನೇ ದೋಣಿ ಹತ್ತುತ್ತಾನೆ. ಹೇಳದೆ ಇಟ್ಟುಕೊಂಡರೆ? ಬೀಜ ತನಗೆ ಬಂದರೆ ಆಗ ಕೇಳಬಹುದು. ಬರದಿದ್ದರೆ ನಷ್ಟವೇನೂ ಇಲ್ಲ, ಪಾಠ ಇದ್ದ ಹಾಗೇ ನಡೆಯುತ್ತದೆ.

"ಏನೋ ಹೇಳೋಕೆ ಬಂದ ಹಂಗಿತ್ತು?" ಎಂದಳು ದೊಡ್ಡತಾಯಮ್ಮ.

"ನೀರು ತಣ್ಣಗಿದೆ ಅಂತ," ಎಂದ ಕೆಂಪರಾಜ.

ಮಾರನೆಯ ಬೆಳಿಗ್ಗೆ ಹದಿನೈದು ಮಕ್ಕಳು ಬಂದು ಕೂತರು. ಕುಡಿಕೆ ಬಂತು. ಬಿಳಿ ಬೀಜ ಚನ್ನಂಜಯ್ಯನ ಕೈಗೆ ಬಂತು.

ನೋಡುವ ಮೂವರಿಗೂ ಗುರುಗಳು ಐದೈದು ಮಕ್ಕಳನ್ನು ಹಂಚಿದರು. ಕೆಂಪರಾಜನ ಪಾಲಿಗೆ ಬಂದ ಐವರಲ್ಲಿ ಪುಟ್ಟೀರಿಯೂ ಒಬ್ಬಳು. ಹೊಳೆದಂಡೆಯಲ್ಲಿ ಬುಟ್ಟಿ ಹೆಣೆಯುವವಳ ಮಗಳು, ಏಳು ವರ್ಷ, ಎಲ್ಲರಿಗಿಂತ ಚಿಕ್ಕವಳು.

ಕೆಂಪರಾಜ ಚಾಪೆ ಹಾಸಿಕೊಂಡ. ಆಮೇಲೆ ಯಾರಿಗೂ ಕಾಣದಂತೆ ಅದನ್ನು ಸ್ವಲ್ಪ ಓರೆ ಮಾಡಿಕೊಂಡ. ಈಗ ಅವನಿಗೆ ಚನ್ನಂಜಯ್ಯ ಚೆನ್ನಾಗಿ ಕಾಣುತ್ತಿದ್ದ.

ಪಾಠ ನಡೆಯಿತು. ಚನ್ನಂಜಯ್ಯ ಅಳೆದು ತೋರಿಸಿದ, ಎಂಟು ಗೇಣು. ಮಕ್ಕಳು ಅಳೆದರು. ಕೆಲವರಿಗೆ ಹತ್ತು, ಕೆಲವರಿಗೆ ಹನ್ನೊಂದು.

"ನಂದು ಹನ್ನೆರಡು!" ಪುಟ್ಟೀರಿ ಕೈಯೆತ್ತಿ ಕುಣಿದಳು.

"ಇಲ್ಲ ಮಗ," ಎಂದ ಚನ್ನಂಜಯ್ಯ ಅಕ್ಕರೆಯಿಂದಲೇ. "ಹನ್ನೆರಡು ಬಂತು ಅಂದ್ರೆ ನಿನ್ನ ಕೈ ದೊಡ್ಡದು ಅಂತಲ್ಲ. ನಿಂದೇ ಎಲ್ಲರಿಗಿಂತ ಚಿಕ್ಕ ಕೈ. ಕೂತ್ಕೋ."

ಮಕ್ಕಳು ಗೊಳ್ಳೆಂದು ನಕ್ಕರು. ಚನ್ನಂಜಯ್ಯ ಕೋಲು ತೋರಿಸಿದ. ಮಕ್ಕಳು ತಲೆಯಾಡಿಸಿದರು. ಪಾಠ ಮುಗಿಯಿತು.

ಮರದಡಿ ಗುರುಗಳು ಕೆಂಪರಾಜನ ಕಡೆ ತಿರುಗಿದರು.

"ಏನು ಕಂಡೆ?"

ಕೆಂಪರಾಜ ಇದಕ್ಕೇ ಕಾದಿದ್ದ.

"ಒಂಬತ್ತು ತಪ್ಪು ಗುರುಗಳೇ. ಚನ್ನಂಜಯ್ಯ ಶುರು ಮಾಡೋಕೇ ತುಂಬಾ ಹೊತ್ತು ತಗೊಂಡರು. ಎರಡು ಸಲ ಮಕ್ಕಳಿಗೆ ಬೆನ್ನು ಮಾಡಿದರು. ದನಿ ಹಿಂದಿನವರಿಗೆ ಮುಟ್ಟಲಿಲ್ಲ. ಕೋಲನ್ನ ಮೊದಲು ತಲೆಕೆಳಗಾಗಿ ಹಿಡಿದಿದ್ದರು. ಆಮೇಲೆ..."

"ಅದು ಚನ್ನಂಜಯ್ಯ," ಎಂದರು ಗುರುಗಳು. "ಅವನನ್ನ ನಾನು ಇಪ್ಪತ್ತು ವರ್ಷದಿಂದ ನೋಡ್ತಾ ಇದ್ದೀನಿ. ಪುಟ್ಟೀರಿ ಕೂತ ಮೇಲೆ ಅವಳ ಕೈ ಎಲ್ಲಿತ್ತು?"

ಕೆಂಪರಾಜನ ಬಾಯಿ ತೆರೆದೇ ಇತ್ತು.

"ಗೊತ್ತಿಲ್ಲ ಗುರುಗಳೇ."

ಗುರುಗಳು ದೊಡ್ಡತಾಯಮ್ಮನನ್ನು ನೋಡಿದರು.

"ನನ್ನ ಐದು ಜನರನ್ನ ಕೇಳಿ, ಯಾರು ಎಷ್ಟು ಸಲ ಮೂಗು ಒರೆಸಿಕೊಂಡ್ರು ಅಂತಲೂ ಹೇಳ್ತೀನಿ," ಎಂದಳು ಅವಳು. "ಪುಟ್ಟೀರಿ ನನ್ನ ಪಾಲಲ್ಲ."

"ನನ್ನ ಪಾಲೂ ಅಲ್ಲ," ಎಂದರು ಗುರುಗಳು. "ಹಾಗಾದ್ರೆ ಇವತ್ತು ಆ ಹುಡುಗಿಯನ್ನ ಯಾರೂ ನೋಡಲಿಲ್ಲ. ಅವಳು ಬಂದಿದ್ದಳು, ಹೋದಳು."

ಕೆಂಪರಾಜನಿಗೆ ನಾಚಿಕೆಯಾಯಿತು. ಒಂಬತ್ತು ತಪ್ಪು ಹುಡುಕಿಯೂ ಕೆಲಸಗಳ್ಳನಾದೆನಲ್ಲ ಎಂದು ಸಿಟ್ಟೂ ಬಂತು.

"ಕೈ ಎಲ್ಲಿತ್ತು ಅನ್ನೋದು ಅಷ್ಟು ಮುಖ್ಯವೇ ಗುರುಗಳೇ?"

"ನನಗೆ ಗೊತ್ತಿಲ್ಲ. ಹೋಗಿ ಅವಳನ್ನೇ ಕೇಳಿಕೊಂಡು ಬಾ."

ಸಂಜೆಗೆ ಮುಂಚೆಯೇ ಕೆಂಪರಾಜ ಹೊಳೆದಂಡೆಗೆ ಹೋದ. ಗುಡಿಸಿಲ ಮುಂದೆ ಪುಟ್ಟೀರಿಯ ತಾಯಿ ಬಿದಿರು ಸೀಳುತ್ತಿದ್ದಳು. ಪಕ್ಕದಲ್ಲಿ ಮಗಳು ಎರಡೂ ಕೈಯನ್ನು ಲಂಗದಡಿ ಸೇರಿಸಿಕೊಂಡು ಸುಮ್ಮನೆ ಕೂತಿದ್ದಳು.

"ಏನು ಕಲಿಸಿದ್ರಿ ಮೇಷ್ಟ್ರೇ ಇವಳಿಗೆ?" ತಾಯಿ ಕತ್ತಿ ಕೆಳಗಿಟ್ಟಳು. "ನೆನ್ನೆ ಗಂಟ ನನ್ನ ಬಿದಿರೆಲ್ಲ ಇವಳೇ ಅಳೆದುಕೊಡ್ತಿದ್ಲು. ಇವತ್ತು ಬಂದವಳು ಮುಟ್ಟಲ್ಲ ಅಂತಾಳೆ."

ಕೆಂಪರಾಜ ಮಣ್ಣಿನ ಮೇಲೇ ಕುಕ್ಕರುಗಾಲಲ್ಲಿ ಕೂತ.

"ಯಾಕವ್ವ ಪುಟ್ಟೀರಿ, ಅಳೆಯಲ್ಲ?"

"ನನ್ನ ಕೈ ಸುಳ್ಳು ಹೇಳುತ್ತೆ."

"ಯಾರು ಹೇಳಿದ್ರು?"

ತಾಯಿಯೇ ಹೇಳಿದಳು.

"ಯಾವ ಸುಳ್ಳೂ ಇಲ್ಲ. ದೊಡ್ಡ ಬುಟ್ಟಿಗೆ ನನ್ನ ಗೇಣಲ್ಲಿ ಎಂಟು ಬೇಕು. ಇವಳು ತನ್ನ ಗೇಣಲ್ಲಿ ಹನ್ನೆರಡು ಎಣಿಸಿ ಗುರುತು ಹಾಕ್ತಾಳೆ. ನಾನು ಅಲ್ಲಿಗೇ ಕಡೀತೀನಿ. ಒಂದಿನ ಹೆಚ್ಚುಕಮ್ಮಿ ಆಗಿದ್ದಿಲ್ಲ."

ಕೆಂಪರಾಜ ಪಿಳಿಪಿಳಿ ಕಣ್ಣುಬಿಟ್ಟ.

"ಪುಟ್ಟೀರಿ, ನಿಮ್ಮವ್ವನಿಗೆ ಎಂಟು ಬಂದ್ರೆ ನಿನಗೆ ಹನ್ನೆರಡು ಯಾಕೆ ಬರುತ್ತೆ?"

ಹುಡುಗಿ ಅವನನ್ನು ಪೆದ್ದನನ್ನು ನೋಡುವ ಹಾಗೆ ನೋಡಿದಳು.

"ನನ್ನ ಕೈ ಚಿಕ್ಕದಲ್ವಾ? ಜಾಸ್ತಿ ಸಲ ಇಡಬೇಕು."

"ಮತ್ತೆ ಬೆಳಿಗ್ಗೆ ಕೈಯೆತ್ತಿ ಕುಣಿದೆಯಲ್ಲ, ನಿನ್ನ ಕೈಯೇ ದೊಡ್ಡದು ಅಂತ ತಾನೇ?"

"ಇಲ್ಲ! ಆ ಹಲಗೆ ನಮ್ಮ ದೊಡ್ಡ ಬುಟ್ಟಿ ಬಿದಿರಿನಷ್ಟೇ ಇತ್ತು. ಮೇಷ್ಟ್ರಿಗೂ ಎಂಟು, ನಮ್ಮವ್ವನಿಗೂ ಎಂಟು. ಅದನ್ನ ಹೇಳೋಣ ಅಂತ ಎದ್ದೆ. ಎಲ್ಲರೂ ನಕ್ಕರು."

ಕೈ ಲಂಗದಡಿಯಿಂದ ಹೊರಗೆ ಬರಲೇ ಇಲ್ಲ.

ಕೆಂಪರಾಜ ವಾಪಸು ಹೊರಟ. ನಾಲ್ಕು ಜನ ಮೂರು ದಿನ ಮರದಡಿ ಕೂತು ಹುಡುಕಿದ್ದು ಆ ಮಗುವಿನ ಹತ್ತಿರ ಮೊದಲೇ ಇತ್ತು. ಅದನ್ನು ಅವಳು ತಂದಿದ್ದಳು. ಇವರು ಕಿತ್ತುಕೊಂಡು ಕಳಿಸಿದ್ದರು. ಬೇರೆ ಮಕ್ಕಳ ತಲೆಯಲ್ಲಿ ಇನ್ನೇನೇನಿದೆಯೋ ಎಂದು ಅವನಿಗೆ ಮೊದಲ ಸಲ ಕುತೂಹಲವಾಯಿತು. ಅಷ್ಟು ವರ್ಷ ಮಾತಾಡಿದ್ದನಲ್ಲ, ಯಾವತ್ತೂ ಹಾಗನ್ನಿಸಿರಲಿಲ್ಲ.

ದಾರಿಯುದ್ದಕ್ಕೂ ಇನ್ನೊಂದು ಮಾತು ಕಾಲಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಅಳೆಯುವ ಮುಂಚೆ ಆ ಪ್ರಶ್ನೆ ಕೇಳಿದ್ದರೆ ಪುಟ್ಟೀರಿ ಉತ್ತರ ಹೇಳಿರುತ್ತಿದ್ದಳು. ಯಾರೂ ನಗುತ್ತಿರಲಿಲ್ಲ.

ಮರುದಿನ ಮರದಡಿ ಅವನು ಕಂಡದ್ದನ್ನೆಲ್ಲ ಹೇಳಿದ. ಅಂದವಾಗಿ ಹೇಳಲು ಹೋಗಲಿಲ್ಲ. ಪುಟ್ಟೀರಿ ಅಂದ ಮಾತನ್ನು ಅಂದ ಹಾಗೇ ಹೇಳಿದ.

ಚನ್ನಂಜಯ್ಯ ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟ.

"ಆ ಮಗು ಪಾಠಾನೇ ಕೈಲಿ ಹಿಡ್ಕೊಂಡು ಎದ್ದು ನಿಂತಿತ್ತು. ನಾನು ಕೂರಿಸಿದೆನಲ್ಲಪ್ಪ. ಬೇರೆ ಯಾರಾದರೂ ಆಗಿದ್ರೆ ಇನ್ನೇನಾದ್ರೂ ಕೇಳಿರೋರು. ನನ್ನ ಈ ಮಂದ ತಲೆಗೆ ಏನೂ ಹೊಳೀಲಿಲ್ಲ. ಗುರುಗಳೇ, ನನ್ನನ್ನ ಈ ಕೆಲಸದಿಂದ ಬಿಡಿಸಿ. ದನ ಮೇಯಿಸಿಕೊಂಡಿರ್ತೀನಿ."

ದೊಡ್ಡತಾಯಮ್ಮ ಕೂಡ ತಲೆ ತಗ್ಗಿಸಿದಳು.

ಕೆಂಪರಾಜ ಲೆಕ್ಕ ಹಾಕಿದ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಈಗ ಹೊಳೆಯಿತು ಎಂದು ಹೇಳಿದರೆ ಜಾಣ ಎನ್ನಿಸಿಕೊಳ್ಳಲೂಬಹುದು. ಹೊಳೆಯಾಚೆಯ ಚಪ್ಪರ ಅವನ ಕಣ್ಣಿಗೆ ಕಟ್ಟಿತ್ತು. ಅದು ಅವನಿಗೆ ಬೇಕಿತ್ತು, ತುಂಬಾ ಬೇಕಿತ್ತು. ಎದುರಿಗೆ ಚನ್ನಂಜಯ್ಯನ ಮುಖವಿತ್ತು.

"ನಿಮ್ಮ ತಪ್ಪಲ್ಲ ಅಣ್ಣಾ," ಎಂದ. "ಕೇಳಬೇಕಾದ ಪ್ರಶ್ನೆ ನನ್ನ ಹತ್ತಿರ ಇತ್ತು. ಪಾಠದ ಹಿಂದಿನ ದಿನವೇ ಹೊಳೆದಿತ್ತು. ಬೀಜ ನನಗೆ ಬಂದರೆ ಕೇಳೋಣ ಅಂತ ಬಚ್ಚಿಟ್ಟುಕೊಂಡೆ."

"ಆಹಾ!" ದೊಡ್ಡತಾಯಮ್ಮ ಎದ್ದೇ ನಿಂತಳು. "ಹೊಟ್ಟೆಯೊಳಗಿಟ್ಟುಕೊಂಡು ಏನು ಮಾಡೋಣ ಅಂತಿದ್ದೆ? ಮರಿ ಹಾಕುತ್ತೆ ಅಂತಲಾ? ನೀರು ತಣ್ಣಗಿದೆಯಂತೆ, ನೀರು!"

"ಹೊಳೆಯಾಚೆಗೆ ಹೋಗಬೇಕು ಅಂತ ಆಸೆ ಇತ್ತು," ಎಂದ ಕೆಂಪರಾಜ. "ಈಗ ಕೇಳೋ ಮುಖ ನನಗಿಲ್ಲ. ನನ್ನ ಹೆಸರು ಬಿಟ್ಟುಬಿಡಿ ಗುರುಗಳೇ."

ಗುರುಗಳು ಆ ಮಾತು ಕಿವಿಗೆ ಬೀಳದವರಂತೆ ಸ್ವಲ್ಪ ಹತ್ತಿರ ಸರಿದು ಕೂತರು.

"ಆ ಪ್ರಶ್ನೆ ಏನು? ಹೇಳು."

ಕೆಂಪರಾಜ ಹೇಳಿದ.

ಚನ್ನಂಜಯ್ಯ ತಲೆಯಿಂದ ಕೈ ತೆಗೆದ.

"ಪ್ರಶ್ನೆ ಚೆನ್ನಾಗಿದೆ ತಮ್ಮ. ಆದ್ರೆ ನೀನು ಕೇಳೋವಾಗ ಮಕ್ಕಳು ನಿನ್ನ ಮುಖ ನೋಡ್ತಾರೆ. ಮುಖದಲ್ಲಿ ಏನಿದೆಯೋ ಅದನ್ನೇ ಹೇಳ್ತಾರೆ. ನನ್ನ ಮಕ್ಕಳು ಇಪ್ಪತ್ತು ವರ್ಷದಿಂದ ಅದನ್ನೇ ಮಾಡ್ತಿದ್ದಾರೆ."

"ತಪ್ಪು ಹೇಳಿದವರನ್ನ ನೋಡಿ ಉಳಿದವರು ನಗ್ತಾರೆ," ಎಂದಳು ದೊಡ್ಡತಾಯಮ್ಮ ಕೂತುಕೊಳ್ಳುತ್ತ. "ಒಬ್ಬಳು ಪುಟ್ಟೀರಿ ಸಾಲದು ಅಂತ ಇನ್ನೂ ಹತ್ತು ಜನರ ಕೈ ಲಂಗದಡಿ ಹೋಗುತ್ತೆ."

ಕೆಂಪರಾಜ ಬೆಪ್ಪಾದ. ಎರಡು ದಿನ ಬಚ್ಚಿಟ್ಟುಕೊಂಡಿದ್ದ ಮುತ್ತು ಹೊರಗೆ ತೆಗೆದರೆ ಎರಡು ಕಡೆ ಒಡಕು! ಆದರೂ ಅವನಿಗೆ ಬೇಜಾರಾಗಲಿಲ್ಲ. ಹಾಗಾದರೆ ಏನು ಮಾಡುವುದು ಎಂದು ಅವನೂ ಮುಂದಕ್ಕೆ ಬಾಗಿದ.

"ಬಾಯಲ್ಲಿ ಹೇಳೋದೇ ಬೇಡ," ಎಂದಳು ದೊಡ್ಡತಾಯಮ್ಮ. "ಮರದ ಹಿಂದೆ ಎರಡು ಮಡಕೆ ಇಡೋಣ, ಬಾಯಿಗೆ ಬಟ್ಟೆ ಕಟ್ಟಿ. ದೊಡ್ಡ ಕೈಗೆ ಹೆಚ್ಚು ಅನ್ನೋರು ಈ ಮಡಕೆಗೆ ಕಲ್ಲು ಹಾಕಲಿ, ಚಿಕ್ಕ ಕೈಗೆ ಅನ್ನೋರು ಆ ಮಡಕೆಗೆ. ಯಾರದು ಯಾವ ಕಲ್ಲು ಅಂತ ದೇವರಿಗೂ ಗೊತ್ತಾಗಬಾರದು."

"ದೊಡ್ಡ ಕೈ ನಂದಾಗಲಿ," ಎಂದ ಚನ್ನಂಜಯ್ಯ. "ಚಿಕ್ಕ ಕೈ ಪುಟ್ಟೀರಿದು. ನಾನೇ ಹೋಗಿ ಕೇಳ್ತೀನಿ."

"ಕೇಳಿದ ಮೇಲೆ ಎಷ್ಟು ಹೊತ್ತು ಸುಮ್ಮನಿರ್ತೀರಿ?" ಗುರುಗಳು ಕೇಳಿದರು.

"ಮಕ್ಕಳಿಗೆ ಹೊಳೆಯುವವರೆಗೆ," ಎಂದ ಕೆಂಪರಾಜ.

"ನೀನಾ?" ಎಂದಳು ದೊಡ್ಡತಾಯಮ್ಮ. ನಾಲ್ವರೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವನು ಚನ್ನಂಜಯ್ಯ.

ಅಂದು ಸಂಜೆ ಚನ್ನಂಜಯ್ಯ ಹೊಳೆದಂಡೆಗೆ ಹೋದ. ಕೆಂಪರಾಜ ಹಿಂದೆ ನಿಂತಿದ್ದ. ನರೆತ ತಲೆಯ ಮೇಷ್ಟ್ರು ಏಳು ವರ್ಷದ ಹುಡುಗಿಯ ಮುಂದೆ ಮಂಡಿಯೂರಿ ಕೂತ.

"ನೆನ್ನೆ ನೀನು ಹೇಳಿದ್ದು ನನಗೆ ಅರ್ಥ ಆಗಲಿಲ್ಲ ಕಣವ್ವ. ಎಲ್ಲರೂ ನಗೋಕೆ ಬಿಟ್ಟೆ. ತಪ್ಪಾಯ್ತು. ನಮ್ಮ ಪಾಠಕ್ಕೆ ನಿನ್ನ ಕೈ ಬೇಕು, ಬರ್ತೀಯಾ?"

ಪುಟ್ಟೀರಿ ಅವನ ಕೈ ನೋಡಿದಳು.

"ನಿಮ್ಮ ಗೇಣು ತೋರಿಸಿ," ಎಂದಳು.

ಅವನು ಕೈಯಗಲಿಸಿದ. ಅವಳು ಲಂಗದಡಿಯಿಂದ ತನ್ನ ಕೈ ತೆಗೆದು ಅದರ ಮೇಲಿಟ್ಟು ನೋಡಿದಳು. ಕೆಂಪರಾಜ ಹೊಳೆಯ ಕಡೆ ಮುಖ ತಿರುಗಿಸಿಕೊಂಡ.

ಎರಡು ದಿನ ಕಳೆದು ಮಧ್ಯಾಹ್ನದ ಗುಂಪಿನ ಮಕ್ಕಳು ಬಂದರು. ಹನ್ನೊಂದು ಜನ. ಅವರ ಪಕ್ಕದಲ್ಲಿ ಪುಟ್ಟೀರಿ. ಕುಡಿಕೆ ಬಂತು. ಕೆಂಪರಾಜ ಮುಷ್ಟಿ ಬಿಚ್ಚಿದ.

ಬಿಳಿ ಬೀಜ.

ಇದನ್ನು ಅವನು ಎಷ್ಟು ಬೇಡಿಕೊಂಡಿದ್ದ! ಈಗ ಅದನ್ನು ಹಿಂದಕ್ಕೆ ಕುಡಿಕೆಗೆ ಹಾಕೋಣ ಎನ್ನಿಸಿತು. ಚನ್ನಂಜಯ್ಯ ತನ್ನ ಚಾಪೆ ಸರಿಮಾಡಿಕೊಳ್ಳುತ್ತ ಅವನ ಬೆನ್ನು ತಟ್ಟಿ ಹೋದ.

ಕೆಂಪರಾಜ ಪ್ರಶ್ನೆ ಕೇಳಿದ. ಮಕ್ಕಳು ಒಬ್ಬೊಬ್ಬರಾಗಿ ಮರದ ಹಿಂದೆ ಹೋಗಿ ಬಟ್ಟೆಯ ಸಂದಿಯಿಂದ ಕಲ್ಲು ಹಾಕಿ ಬಂದರು. ಮಡಕೆ ಸುರಿದರೆ ದೊಡ್ಡ ಕೈಯ ಕಡೆ ಒಂಬತ್ತು ಕಲ್ಲು, ಚಿಕ್ಕ ಕೈಯ ಕಡೆ ಎರಡು.

ಚನ್ನಂಜಯ್ಯ ಎದ್ದು ಬಂದು ಅಳೆದ. ಮಕ್ಕಳು ಒಟ್ಟಿಗೆ ಎಣಿಸಿದರು. ಎಂಟು. ಪುಟ್ಟೀರಿ ಅಳೆದಳು. ಒಂಬತ್ತಾಯಿತು, ಹತ್ತಾಯಿತು, ಮಕ್ಕಳ ದನಿ ಏರಿತು. ಹನ್ನೆರಡು.

"ತಪ್ಪು!" ಬೆಸ್ತರ ಹುಡುಗ ಮಾಚ ಎದ್ದು ನಿಂತ. "ಅವಳು ಎಲ್ಲೋ ಎರಡೆರಡು ಸಲ ಇಟ್ಟಳು. ಇನ್ನೊಂದು ಸಲ ಅಳೀಲಿ!"

ಇನ್ನೊಂದು ಸಲ ಅಳೆದರು. ಎಂಟು. ಹನ್ನೆರಡು.

ಮಕ್ಕಳೆಲ್ಲ ಕೆಂಪರಾಜನ ಮುಖ ನೋಡಿದರು.

ಅವನ ನಾಲಿಗೆಯ ತುದಿಗೆ ಮಾತು ಬಂದು ನಿಂತಿತ್ತು. ಎಂಥ ಮಾತು! ಹೊಳೆ ದಾಟಲು ಬಂದವರನ್ನು ನಿಲ್ಲಿಸುವಂಥದ್ದು. ಅವನು ನಾಲಿಗೆ ಕಚ್ಚಿ ಹಿಡಿದ. ಬದುಕಿನಲ್ಲಿ ಅಷ್ಟು ಕಷ್ಟದ ಕೆಲಸ ಅವನು ಮಾಡಿದ್ದಿಲ್ಲ. ಒಂದು ಕಾಗೆ ಬಂದು ಹಲಗೆಯ ಮೇಲೆ ಕೂತು ಹಾರಿಹೋಯಿತು.

ಪುಟ್ಟೀರಿ ಅವನನ್ನು ನೋಡಿದಳು. ಅವನು ಸುಮ್ಮನಿದ್ದ.

"ನನ್ನ ಕೈ ಚಿಕ್ಕದು," ಎಂದಳು ಅವಳು ಮೆಲ್ಲಗೆ. "ಅದಕ್ಕೇ ಜಾಸ್ತಿ ಸಲ ಇಡಬೇಕು. ನಮ್ಮವ್ವನಿಗೂ ಎಂಟೇ."

ಮಾಚ ಹುಬ್ಬು ಗಂಟಿಕ್ಕಿದ.

"ಹಂಗಾದ್ರೆ ಇರುವೆ ಅಳೆದ್ರೆ?"

"ಸಾವಿರ!" ಎಂದಿತು ಒಂದು ಮಗು.

"ಆನೆ ಅಳೆದ್ರೆ?"

"ಒಂದು!"

"ಒಂದೂ ಇಲ್ಲ, ಅರ್ಧ!"

"ಮತ್ತೆ ನಾನು ಅಂಗಡೀಲಿ ಹಗ್ಗ ಹತ್ತು ಗೇಣು ಕೊಡಿ ಅಂದ್ರೆ ಯಾರ ಕೈಯಲ್ಲಿ ಕೊಡ್ತಾರೆ?" ಮಾಚ ಗಾಬರಿಯಿಂದ ಕೇಳಿದ.

ಅಷ್ಟೇ. ಅಂಗಳ ಸಂತೆಯಾಯಿತು. ಒಬ್ಬರ ಕೈ ಮೇಲೆ ಒಬ್ಬರು ಕೈಯಿಟ್ಟು ನೋಡುವವರೆಷ್ಟು, ಹಲಗೆಯ ಮೇಲೆ ಬಿದ್ದು ಅಳೆಯುವವರೆಷ್ಟು! ತೋರಿಸಬೇಕೆಂದು ತಂದಿದ್ದ ಕೋಲು ಮೂಲೆಯಲ್ಲೇ ಉಳಿಯಿತು. ಪಾಠ ಅರ್ಧಕ್ಕೇ ನಿಂತು ಮಕ್ಕಳು ಜಗಳವಾಡುತ್ತಲೇ ಮನೆಗೆ ಹೋದರು.

ಮರದಡಿ ಎಲ್ಲರೂ ತಾವು ಕಂಡದ್ದನ್ನು ಹೇಳಿದರು. ಕಲ್ಲು ಹಾಕಲು ಹೋಗಿ ಎರಡು ಸಲ ಹಿಂದಕ್ಕೆ ಬಂದ ಮಗುವಿನ ಬಗ್ಗೆ ದೊಡ್ಡತಾಯಮ್ಮ ಹೇಳಿದಳು. ಬಾಯಿ ಬಿಡದೆ ತನ್ನ ಬೆರಳನ್ನೇ ಎಣಿಸುತ್ತಿದ್ದ ಹುಡುಗಿಯ ಬಗ್ಗೆ ಚನ್ನಂಜಯ್ಯ ಹೇಳಿದ. ಕೆಂಪರಾಜನ ಬಗ್ಗೆ ಯಾರೂ ಏನೂ ಹೇಳಲಿಲ್ಲ.

ಅವನಿಗೆ ಕೇಳಬೇಕೆನ್ನಿಸಿತು. ಬಾಯಿ ತೆರೆದಾಗ ಬಂದದ್ದು ಬೇರೆ ಪ್ರಶ್ನೆ.

"ಮಾಚ ಕೊನೆಗೆ ಒಪ್ಪಿದನಾ ಗುರುಗಳೇ?"

"ಇಲ್ಲ," ಎಂದರು ಗುರುಗಳು. "ಹೋಗುವಾಗ ಆಶ್ರಮದ ಬಾಗಿಲನ್ನ ಅಳೀತಾ ಇದ್ದ."

ಮಾರನೆಯ ಬೆಳಿಗ್ಗೆ ಹೊಳೆಯಾಚೆಯಿಂದ ದೋಣಿ ಬಂತು. ಯಜಮಾನ ಸಿಂಗ್ರಯ್ಯ ಇಳಿದು ಕೈಮುಗಿದ.

"ಕೆಂಪರಾಜ ಬರ್ತಾನೆ," ಎಂದರು ಗುರುಗಳು.

ಕೆಂಪರಾಜನಿಗೆ ಕೇಳಿದ್ದು ನಿಜವೋ ಸುಳ್ಳೋ ಎನ್ನಿಸಿತು.

"ನಾನು ಬಚ್ಚಿಟ್ಟವನಲ್ವಾ ಗುರುಗಳೇ?"

"ಹೇಳಿದವನೂ ನೀನೇ ಅಲ್ವಾ?"

ಅವನು ದೋಣಿಯ ಕಡೆ ಎರಡು ಹೆಜ್ಜೆ ಇಟ್ಟು ನಿಂತ. ಆಚೆ ದಡದಲ್ಲಿ ಹೊಸ ಚಪ್ಪರ ಕಾಣುತ್ತಿತ್ತು. ಅಲ್ಲಿ ಮೂವತ್ತಕ್ಕೂ ಹೆಚ್ಚು ಮಕ್ಕಳು. ಅವನೊಬ್ಬ. ಅವನು ಪಾಠ ಮಾಡುವಾಗ ಯಾರದೋ ಕೈ ಲಂಗದಡಿ ಹೋದರೆ ನೋಡುವವರು ಯಾರು? ನಾಲ್ಕು ವರ್ಷ ಕಂಡ ಕನಸು ಒಂದೇ ಗಳಿಗೆಯಲ್ಲಿ ಅವನಿಗೆ ಭಯ ಹುಟ್ಟಿಸಿತು.

"ನಾನೊಬ್ಬನೇ ಹೋಗಲ್ಲ ಗುರುಗಳೇ. ತಿಂಗಳಿಗೊಂದು ಸಲ ಅಣ್ಣನೂ ಅಕ್ಕನೂ ದೋಣಿ ಹತ್ತಿ ಬರಬೇಕು. ಅಲ್ಲೂ ಮರದಡಿ ಕೂರಬೇಕು, ಅಲ್ಲೂ ಬೀಜ ಎತ್ತಬೇಕು. ಹಾಗಾದ್ರೆ ಹೋಗ್ತೀನಿ."

"ನನಗೆ ದೋಣಿ ಅಂದ್ರೆ ತಲೆ ತಿರುಗುತ್ತೆ," ಎಂದಳು ದೊಡ್ಡತಾಯಮ್ಮ. "ಕಣ್ಣು ಮುಚ್ಕೊಂಡು ಬರ್ತೀನಿ ಬಿಡು."

ಚನ್ನಂಜಯ್ಯ ಆಗಲೇ ಹೆಗಲ ಮೇಲಿನ ವಲ್ಲಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

ಸಿಂಗ್ರಯ್ಯನಿಗೆ ಇದೆಲ್ಲ ಸರಿಬೀಳಲಿಲ್ಲ. ಅವನು ಗುರುಗಳನ್ನು ಪಕ್ಕಕ್ಕೆ ಕರೆದ. ಪಕ್ಕ ಎಂದರೆ ಎಲ್ಲರಿಗೂ ಕೇಳುವಷ್ಟೇ ದೂರ.

"ಏನ್ ಸ್ವಾಮಿ ಇದು? ಮೇಷ್ಟ್ರು ಅಂದ ಮೇಲೆ ಒಬ್ಬರೇ ನಿಭಾಯಿಸಬೇಕಲ್ವಾ? ಇವರು ನೋಡಿದ್ರೆ ಜೊತೆಗೆ ಜನ ಬೇಕು ಅಂತಾರೆ. ಮುಚ್ಚುಮರೆ ಬೇಡ, ನೇರವಾಗಿ ಹೇಳಿಬಿಡಿ. ಇವರು ಚೆನ್ನಾಗಿ ಪಾಠ ಮಾಡ್ತಾರಾ?"

ಕೆಂಪರಾಜ ಅತ್ತ ಕಿವಿಗೊಟ್ಟ.

"ಗೊತ್ತಿಲ್ಲಪ್ಪ," ಎಂದರು ಗುರುಗಳು. "ಅವನು ಪಾಠ ಮಾಡುವಾಗ ನಾನು ಮಕ್ಕಳನ್ನ ನೋಡ್ತಾ ಇದ್ದೆ."